ನಮ್ಮ ಸೌತೆಕಾಯಿ ರೆಲಿಶ್ ಈ ಮಳೆಗಾಲದಿಂದ ಗಾಜಿನ ಬಾಟಲಿಯಲ್ಲಿ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ನೀವು ಇಷ್ಟು ದಿನ ಪ್ಯಾಕೆಟ್ಟಿನಲ್ಲಿ ಒಯ್ಯುತ್ತಿದ್ದ ಸೌತೆಕಾಯಿ ರೆಲಿಶ್ ಈ ಮಳೆಗಾಲದಿಂದ 200 ಗ್ರಾಮಿನ ಗಾಜಿನ ಬಾಟಲಿಯಲ್ಲಿ ಬರುತ್ತದೆ. ನಿಂಬೆರಸದ ಬದಲು ವಿನೆಗರ್ ಹಾಕುತ್ತಿದ್ದೇವೆ. ತುಂಬಿ ಮುಚ್ಚಿದ ಬಾಟಲಿಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿ ಇಡುತ್ತೇವೆ. ಇದರಿಂದ ರುಚಿ ಸ್ವಲ್ಪ ಬದಲಾಗಿದೆ, ಬೆಲೆಯೂ ಏರಿದೆ. ಸುಮ್ನೆ ಹೊಸ ಲೇಬಲ್ ಅಂಟಿಸಿ ಕೊಡುವ ಬದಲು ಕಾರಣವನ್ನೂ ನಿಮಗೆ ಹೇಳಬೇಕು ಅನ್ನಿಸಿತು.

ಹಿತ್ತಲಿನ ಸೌತೆ ನಿಮಗೆ ಗೊತ್ತೇ ಇದೆ. ಮಳೆ ಹಿಡಿಯುವ ಹೊತ್ತಿಗೆ ಬೀಜ ಊರಿದರೆ ಗೌರಿ ಹಬ್ಬಕ್ಕೆ ಬಳ್ಳಿ ತುಂಬ ಕಾಯಿ. ಸಾಸಿವೆ ಆಯಿತು, ತಂಬುಳಿ ಆಯಿತು, ದೋಸೆ, ಕಡುಬು ಎಲ್ಲ ಆಯಿತು. ಆಮೇಲೂ ಕಾಯಿ ಬರುತ್ತಲೇ ಇರುತ್ತದೆ. ನಮ್ಮ ಸದಸ್ಯೆಯರ ಮನೆಯಲ್ಲಿ ಹೀಗೆ ಮಿಕ್ಕ ಎಳೆಗಾಯಿಯಿಂದಲೇ ಈ ರೆಲಿಶ್ ಶುರುವಾದದ್ದು. ಹೊಸಬರಿಗೆ ಹೇಳುವುದಾದರೆ, ಇದು ಸಣ್ಣಗೆ ಕೊಚ್ಚಿದ ಸಿಹಿ-ಹುಳಿ ಉಪ್ಪಿನಕಾಯಿ.

ಹಳೆಯದನ್ನು ಫ್ರಿಜ್ಜಿನಲ್ಲೇ ಇಡಬೇಕಿತ್ತು. ತೊಂದರೆ ಇದ್ದದ್ದು ಅಲ್ಲೇ. ಸೌತೆ ಬಿಡುವ ಕಾಲವೂ ಕರೆಂಟು ಹೋಗುವ ಕಾಲವೂ ನಮ್ಮಲ್ಲಿ ಒಂದೇ ಅಲ್ವಾ? ಲೈನಿನ ಮೇಲೆ ಮರ ಬಿದ್ದರೆ ಹಳ್ಳಿ ಕಡೆ ಎರಡು ಮೂರು ದಿನ ಕತ್ತಲೆ. ಬೆಂಗಳೂರಿನಲ್ಲಿರುವ ಮಕ್ಕಳಿಗೆ ಬಸ್ಸಿನಲ್ಲಿ ಪಾರ್ಸೆಲ್ ಕಳಿಸಬೇಕು ಎಂದು ಕೇಳಿದವರಿಗೂ ನಾವು ಬೇಡ ಅನ್ನಬೇಕಾಗುತ್ತಿತ್ತು. ಹೊರಗೆ ಇಟ್ಟರೂ ಕೆಡದ ರೆಲಿಶ್ ಬೇಕಿತ್ತು. ಅದಕ್ಕೇ ಈ ಬದಲಾವಣೆ.

"ಅಪ್ಪೆಮಿಡಿ ಭರಣಿಯಲ್ಲಿ ವರ್ಷಗಟ್ಟಲೆ ಇರುತ್ತದೆ, ಸೌತೆ ಯಾಕೆ ಇರುವುದಿಲ್ಲ?" ಎಂದು ತುಂಬಾ ಜನ ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಮಾವಿನ ಮಿಡಿಗೆ ತನ್ನದೇ ಹುಳಿ ಇದೆ. ಜೊತೆಗೆ ಮಿಡಿ ಮುರುಟುವಷ್ಟು ಕಲ್ಲುಪ್ಪು ಹಾಕುತ್ತೇವೆ. ಸೌತೆಯಲ್ಲಿ ಶೇಕಡಾ 95ರಷ್ಟು ನೀರೇ, ಹುಳಿ ಇಲ್ಲವೇ ಇಲ್ಲ ಅನ್ನಬಹುದು. ಅಷ್ಟು ಉಪ್ಪು ಹಾಕಿದರೆ ರೆಲಿಶ್ಶನ್ನು ಬಾಯಿಗೆ ಇಡಲೂ ಆಗುವುದಿಲ್ಲ. ಹಾಗಾಗಿ ಸೌತೆಯನ್ನು ಕಾಯುವ ಕೆಲಸವನ್ನೆಲ್ಲ ನಾವು ಹಾಕುವ ಹುಳಿಯೇ ಮಾಡಬೇಕು.

ಇಲ್ಲಿ ಅಂದಾಜು ನಡೆಯುವುದಿಲ್ಲ. ಗಾಳಿಯಾಡದ ಬಾಟಲಿಯೊಳಗೆ ಹುಳಿ ಕಡಿಮೆ ಇದ್ದರೆ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಉಂಟುಮಾಡಬಲ್ಲದು. ಅದರ ಬೀಜಾಣುಗಳು ಕುದಿಯುವ ನೀರಿಗೂ ಸಾಯುವುದಿಲ್ಲ. ಆ ವಿಷ ಎಷ್ಟೋ ಸಲ ವಾಸನೆಯಲ್ಲಿ, ರುಚಿಯಲ್ಲಿ ಗೊತ್ತೂ ಆಗುವುದಿಲ್ಲ. ಆದರೆ ಪಿಎಚ್ 4.6ಕ್ಕಿಂತ ಕಡಿಮೆ ಇದ್ದರೆ, ಅಂದರೆ ಹುಳಿ ಸಾಕಷ್ಟು ಇದ್ದರೆ, ಅದು ಬೆಳೆಯುವುದಿಲ್ಲ. ನಿಂಬೆಯ ಹುಳಿ ಹಣ್ಣಿನಿಂದ ಹಣ್ಣಿಗೆ ಬೇರೆ. ವಿನೆಗರ್ ಬಾಟಲಿಯ ಮೇಲೆ ಹುಳಿ ಎಷ್ಟು ಎಂದು ಬರೆದಿರುತ್ತದೆ. ನಮಗೆ ಬೇಕಾದದ್ದು ಶೇಕಡಾ 5ರದ್ದು. ಅಂಗಡಿಯಲ್ಲಿ ಸಿಗುವ ಎಷ್ಟೋ ವಿನೆಗರ್ ಶೇಕಡಾ 4ರದ್ದು, ಅದನ್ನು ನಾವು ಮುಟ್ಟುವುದಿಲ್ಲ. ಪ್ರತಿ ಸಲ ಮಾಡಿದಾಗಲೂ ಪಿಎಚ್ ಮೀಟರಿನಲ್ಲಿ ನೋಡಿಯೇ ಲೇಬಲ್ ಹಚ್ಚುತ್ತೇವೆ.

ಅಳತೆಗೆ ನಾವು ನೆಚ್ಚಿಕೊಂಡಿರುವುದು ಅಮೆರಿಕದ ಕೃಷಿ ಇಲಾಖೆ ಮನೆಯಲ್ಲಿ ಮಾಡುವವರಿಗಾಗಿ ಪ್ರಕಟಿಸಿರುವ ಲೆಕ್ಕವನ್ನು. ಕೊಚ್ಚಿದ ಸೌತೆ 12 ಕಪ್, ಕೆಂಪು ಮತ್ತು ಹಸಿರು ದೊಣ್ಣೆಮೆಣಸು ಸೇರಿ 6 ಕಪ್, ಈರುಳ್ಳಿ 1 ಕಪ್. ಇದಕ್ಕೆ ವಿನೆಗರ್ 6 ಕಪ್, ಸಕ್ಕರೆ 2 ಕಪ್, ಉಪ್ಪು ಮುಕ್ಕಾಲು ಕಪ್. ಸಾಸಿವೆ, ಅರಿಸಿನ, ಲವಂಗ ಬೀಳುತ್ತವೆ. ನಮ್ಮ ಕಡೆಯದು ಅಂತ ಕಾಳುಮೆಣಸನ್ನೂ ಸೇರಿಸಿದ್ದೇವೆ. ಒಣ ಮಸಾಲೆಯನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಬಹುದು, ತರಕಾರಿ ಮತ್ತು ವಿನೆಗರಿನ ಲೆಕ್ಕ ಬದಲಿಸಬಾರದು.

ಜೋನಿಬೆಲ್ಲ ಹಾಕಿ ಎಂದು ಪ್ರೀತಿಯಿಂದ ಕೇಳುವವರಿದ್ದಾರೆ. ನಮಗೂ ಆಸೆಯೇ. ಆದರೆ ಬೆಲ್ಲ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಬೇರೆಯಾಗಿರುತ್ತದೆ, ಬಣ್ಣವೂ ಕಪ್ಪಾಗುತ್ತದೆ. ಸಕ್ಕರೆಯೇ ಸರಿ.

ಕಾಯಿ ಬಂದ ಕೂಡಲೇ ಒಂದೊಂದನ್ನೂ ಕತ್ತರಿಸಿ ತಿಂದು ನೋಡುತ್ತೇವೆ. ಕಹಿ ಇದ್ದರೆ ದನಕ್ಕೂ ಹಾಕದೆ ಗೊಬ್ಬರದ ಗುಂಡಿಗೆ. ಹೂವಿದ್ದ ಕಡೆಯ ತುದಿಯನ್ನು ತೆಳ್ಳಗೆ ಕತ್ತರಿಸಿ ತೆಗೆಯುತ್ತೇವೆ, ಯಾಕೆಂದರೆ ಸೌತೆಯನ್ನು ಮೆತ್ತಗಾಗಿಸುವ ಕಿಣ್ವಗಳು ಅಲ್ಲೇ ಇರುತ್ತವೆ. ಕೊಚ್ಚಿದ್ದನ್ನು ಉಪ್ಪು ಮತ್ತು ಐಸ್ ಹಾಕಿದ ನೀರಿನಲ್ಲಿ 4 ಗಂಟೆ ಬಿಟ್ಟು ಸೋಸಿ, ಮತ್ತೆ ಒಂದು ಗಂಟೆ ಐಸ್ ನೀರಿನಲ್ಲಿಟ್ಟು ಚೆನ್ನಾಗಿ ಬಸಿಯುತ್ತೇವೆ. ಈ ಬಸಿಯುವ ಕೆಲಸಕ್ಕೆ ತಾಳ್ಮೆ ಬೇಕು. ಕಾಯಿಯ ನೀರು ಉಳಿದರೆ ವಿನೆಗರ್ ತೆಳುವಾಗುತ್ತದೆ. ಕುದಿಸಿದ ವಿನೆಗರ್, ಸಕ್ಕರೆ, ಮಸಾಲೆ ಸುರಿದು ಒಂದು ದಿನ ಫ್ರಿಜ್ಜಿನಲ್ಲಿಟ್ಟು, ಮರುದಿನ ಕುದಿ ಬರಿಸಿ, ಬಿಸಿಯಿದ್ದಾಗಲೇ ಬಿಸಿ ಬಾಟಲಿಗೆ ತುಂಬುತ್ತೇವೆ. ಮೇಲೆ ಅರ್ಧ ಇಂಚು ಜಾಗ ಬಿಡುತ್ತೇವೆ.

ಬಾಟಲಿ ಕುದಿಸುವ ಹೊತ್ತು ಊರಿನ ಎತ್ತರವನ್ನು ನೋಡಿಕೊಂಡು ನಿರ್ಧಾರವಾಗುತ್ತದೆ. ಸಮುದ್ರಮಟ್ಟದಿಂದ 1000 ಅಡಿವರೆಗಿನ ಊರಿಗೆ 10 ನಿಮಿಷ ಸಾಕು. 1001ರಿಂದ 6000 ಅಡಿವರೆಗೆ 15 ನಿಮಿಷ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಎಲ್ಲ 1800 ಅಡಿಗಿಂತ ಮೇಲಿವೆ. ಇಲ್ಲಿ ನೀರು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಅದಕ್ಕೆ 5 ನಿಮಿಷ ಜಾಸ್ತಿ. ಮಂಗಳೂರಿನ ನೆಂಟರು ಮಾಡಿದರೆ ಅವರಿಗೆ 10 ನಿಮಿಷದ ಲೆಕ್ಕ.

ಬಾಟಲಿ ಆರಿದಾಗ ಮುಚ್ಚಳದ ನಡುಭಾಗ ಒಳಕ್ಕೆ ಎಳೆದುಕೊಳ್ಳುತ್ತದೆ. ನಿಮ್ಮ ಕೈಗೆ ಬಂದಾಗಲೂ ಹಾಗೇ ಇರಬೇಕು. ನಡುಭಾಗ ಉಬ್ಬಿದ್ದರೆ, ಒತ್ತಿದಾಗ ಟಕ್ ಎಂದು ಮೇಲೆ ಕೆಳಗೆ ಆದರೆ, ಅಥವಾ ತೆರೆದಾಗ ನೊರೆ ಬಂದರೆ ರುಚಿ ನೋಡಲೂ ಹೋಗಬೇಡಿ. ನಮಗೆ ತಿಳಿಸಿ, ಬೇರೆ ಬಾಟಲಿ ಕೊಡುತ್ತೇವೆ. ಮುಚ್ಚಿದ ಬಾಟಲಿ ತಂಪಾದ, ಬಿಸಿಲು ಬೀಳದ ಕಪಾಟಿನಲ್ಲಿ ಒಂದು ವರ್ಷ ಚೆನ್ನಾಗಿರುತ್ತದೆ. ತೆರೆದ ಮೇಲೆ ಮಾತ್ರ ಫ್ರಿಜ್ಜು ಬೇಕು. ಬೇಗ ಮುಗಿಯಲಿ ಎಂದೇ ಸಣ್ಣ ಬಾಟಲಿ ಆರಿಸಿದ್ದೇವೆ.

ಇನ್ನು ರುಚಿಯ ವಿಷಯ. ನಿಂಬೆಯ ಘಮ ಇರುವುದಿಲ್ಲ. ಹುಳಿ ಜಾಸ್ತಿ, ಸೌತೆಯ ಹಸಿರು ಸ್ವಲ್ಪ ಮಾಸಿರುತ್ತದೆ, ಹಸಿಕಾಯಿಯ ಗರಿಗರಿಯೂ ಅಷ್ಟಿಲ್ಲ. ಆದರೆ ಒಂದೆರಡು ವಾರ ಬಿಟ್ಟು ತೆರೆದರೆ ಸಾಸಿವೆ, ಲವಂಗ ಕಾಯಿಗೆ ಹಿಡಿದು ಚೆನ್ನಾಗಿ ಒಗ್ಗಿರುತ್ತದೆ. ಅಕ್ಕಿ ರೊಟ್ಟಿಗೆ ನಮ್ಮೆಲ್ಲರಿಗೂ ಇದೇ ಹಿಡಿಸಿದೆ. ಹುಳಿ ಹೆಚ್ಚೆನಿಸಿದರೆ ತಟ್ಟೆಗೆ ಹಾಕಿಕೊಂಡು ಮೊಸರು ಕಲಸಿ. ಬಾಟಲಿಗೆ ನೀರು ಬೆರೆಸಬೇಡಿ.

ಹಳೆಯ ಪ್ಯಾಕೆಟ್ಟಿಗೆ 80 ರೂಪಾಯಿ ಇತ್ತು, ಹೊಸ ಬಾಟಲಿಗೆ 120. ಗಾಜು, ಹೊಸ ಮುಚ್ಚಳ, ಒಳ್ಳೆಯ ವಿನೆಗರ್, ಸೌದೆ ಎಲ್ಲ ಸೇರಿ ಹೀಗಾಗಿದೆ. ಕಾಯಿ ಕೊಡುವ ಸದಸ್ಯೆಯರ ದರವನ್ನು ಇಳಿಸಿ ಬೆಲೆ ತಗ್ಗಿಸಲು ನಮಗೆ ಮನಸ್ಸಿಲ್ಲ. ಖಾಲಿ ಬಾಟಲಿ ತೊಳೆದು ತಂದರೆ 10 ರೂಪಾಯಿ ವಾಪಸ್. ಮುಚ್ಚಳ ತರುವುದು ಬೇಡ. ಅದರ ಒಳಗಿನ ಪದರ ಒಂದು ಸಲ ಒತ್ತಿಕೊಂಡ ಮೇಲೆ ಮತ್ತೆ ಸರಿಯಾಗಿ ಕೂರುತ್ತದೆಂದು ನಂಬುವಂತಿಲ್ಲ.

ಹಿತ್ತಲಿನ ಕಾಯಿ ಇರುವಷ್ಟು ದಿನ ಮಾತ್ರ ಮಾಡುತ್ತೇವೆ. ಮೊದಲ ಬಾಟಲಿಗಳು ಗಣೇಶ ಹಬ್ಬ ಕಳೆದ ಮೇಲೆ ಸಂಘದ ಮಳಿಗೆಗೆ ಬರುತ್ತವೆ. ಪಾರ್ಸೆಲ್ ಬೇಕಾದವರು ಮಳಿಗೆಯ ಪುಸ್ತಕದಲ್ಲಿ ಈಗಲೇ ಹೆಸರು ಬರೆಸಬಹುದು. ನಿಮ್ಮ ಹಿತ್ತಲಲ್ಲೂ ಎಳೆ ಸೌತೆ ಮಿಕ್ಕಿದ್ದರೆ ಬೆಳಿಗ್ಗೆ ಕೊಯ್ದು ಅದೇ ದಿನ ತಂದುಕೊಡಿ. ತೂಕ ಮಾಡಿ ಅಲ್ಲೇ ದುಡ್ಡು ಕೊಡುತ್ತೇವೆ.

ಇಂತಿ ನಿಮ್ಮ,
ಸಂಘದ ಸದಸ್ಯೆಯರು
ಸಾಗರ ತಾಲೂಕು, ಶಿವಮೊಗ್ಗ ಜಿಲ್ಲೆ