ನಂದಿಯಲ್ಲಿ ಪೆನ್ಸಿಲ್ ಕೊಟ್ಟ ಅಮ್ಮನಿಗೆ

ಮಗಳು ಹೋಗಿ ಐದು ತಿಂಗಳಾಗಿತ್ತು. ಚಿಕ್ಕಬಳ್ಳಾಪುರದ ಹತ್ತಿರ ನಂದಿಯಲ್ಲಿ, 9ನೇ ಶತಮಾನದ ಭೋಗನಂದೀಶ್ವರ ಗುಡಿಯ ಕಲ್ಯಾಣ ಮಂಟಪದ ಎದುರು ಸುಮ್ನೆ ಕೂತಿದ್ದೆ. ಪಕ್ಕದಲ್ಲಿ ನೀವು ಚಿತ್ರ ಬಿಡಿಸುತ್ತಿದ್ದಿರಿ. ನಾನು ಅಳುವುದನ್ನು ನೋಡಿ ಏನೂ ಕೇಳಲಿಲ್ಲ, ಪುಸ್ತಕದಿಂದ ಒಂದು ಹಾಳೆ ಹರಿದು, ತುದಿಯಲ್ಲಿ ಹಲ್ಲಿನ ಗುರುತಿದ್ದ ಗಿಡ್ಡ ಪೆನ್ಸಿಲ್ ಕೈಗಿಟ್ಟು, "ಆ ಕಲ್ಲಿನ ಗಿಳಿ ಬರೀರಿ, ಕೊಕ್ಕಿನಿಂದ ಶುರು ಮಾಡಿ" ಅಂದಿರಿ. ಮಿಕ್ಕವರೆಲ್ಲ ಮರೆತುಬಿಡು ಅಂತಿದ್ದರು. ಮರೆಯೋದು ಹೇಗೆ ಹೇಳಿ? ಗಿಳಿ ಬರೆಯುತ್ತಾ ಬರೆಯುತ್ತಾ, ಅವಳು ಅಡುಗೆಮನೆ ಗೋಡೆ ತುಂಬಾ ಗೀಚಿದ್ದ ಹಕ್ಕಿಗಳು ನೆನಪಾದವು. ಅವಳನ್ನು ನೆನೆದು ಮೊದಲ ಸಲ ಉಸಿರು ಕಟ್ಟಲಿಲ್ಲ. ಈಗ ಪ್ರತಿ ಭಾನುವಾರ ಬರೆಯುತ್ತೇನೆ. ಆ ಗೋಡೆಗೆ ಸುಣ್ಣ ಹೊಡೆಸಿಲ್ಲ, ಹೊಡೆಸೋದೂ ಇಲ್ಲ. ನಿಮ್ಮ ಹೆಸರು ಕೇಳೋಕೂ ಆಗಲಿಲ್ಲ ಅವತ್ತು. ತುಂಬಾ ಥ್ಯಾಂಕ್ಸ್ ಅಮ್ಮಾ. ಪೆನ್ಸಿಲ್ ನನ್ನ ಹತ್ತಿರವೇ ಇದೆ.