ಅದು ಹೆಬ್ಬಾವಿನ ಮರಿಯಲ್ಲ, ಕೊಳಕುಮಂಡಲ

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿಯುತ್ತಿದ್ದಂತೆ ‘ಹಿತ್ತಲಲ್ಲಿ ಹೆಬ್ಬಾವಿನ ಮರಿ’, ‘ತೋಟದಲ್ಲಿ ಚಿರತೆ ಮರಿ ಪ್ರತ್ಯಕ್ಷ’ ಎಂಬ ಸುದ್ದಿಗಳು ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಕಾಣಿಸತೊಡಗುತ್ತವೆ. ಅಷ್ಟರಲ್ಲಿ ಆ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಊರೆಲ್ಲ ಸುತ್ತಿ ಬಂದಿರುತ್ತದೆ. ಹೆಸರು ತಪ್ಪಿದರೆ ಏನು ಮಹಾ ಎನ್ನುವಂತಿಲ್ಲ. ಕೊಳಕುಮಂಡಲದ ಮರಿಯನ್ನು ಹೆಬ್ಬಾವಿನದೆಂದು ಕೈಗೆತ್ತಿಕೊಂಡವರು ಜೀವಕ್ಕೇ ಎರವಾಗಬಹುದು. ಮಣ್ಣುಮುಕ್ಕ ಹಾವನ್ನು ಕೊಳಕುಮಂಡಲವೆಂದು ತಿಳಿದವರ ದೊಣ್ಣೆಗೆ ಯಾರಿಗೂ ತೊಂದರೆ ಕೊಡದ ಜೀವ ಹೋಗುತ್ತದೆ. ಎರಡೂ ಕಡೆ ತಪ್ಪು ಒಂದೇ: ಬಣ್ಣ ನೋಡಿ ಹೆಸರಿಟ್ಟದ್ದು. ಕಂದು ಮೈ ಮೇಲೆ ಕಪ್ಪು ಮಚ್ಚೆ ಎಂಬಷ್ಟೇ ಗುರುತು ಹಿಡಿದರೆ ಈ ಮೂರೂ ಹಾವುಗಳು ಒಂದೇ.

ನೋಡಬೇಕಾದದ್ದು ಮಚ್ಚೆಯ ಜೋಡಣೆ, ಕತ್ತು ಮತ್ತು ಬಾಲ. ಕೊಳಕುಮಂಡಲದ ಮೈ ಮೇಲೆ ಕಪ್ಪು ಅಂಚಿನ ಮೊಟ್ಟೆಯಾಕಾರದ ಮಚ್ಚೆಗಳು ಸರಪಳಿಯ ಕೊಂಡಿಗಳಂತೆ ಉದ್ದಕ್ಕೂ ಮೂರು ಸಾಲಾಗಿರುತ್ತವೆ, ಬೆನ್ನ ಮೇಲೊಂದು ಸಾಲು, ಎರಡು ಪಕ್ಕಕ್ಕೆ ಒಂದೊಂದು. ತಲೆ ತ್ರಿಕೋನ, ಕತ್ತು ಸಣ್ಣ, ಮೈ ಒರಟು, ಹೊಳಪಿಲ್ಲ. ಹೆಬ್ಬಾವಿನ ಮಚ್ಚೆಗಳಿಗೆ ಈ ಶಿಸ್ತಿಲ್ಲ. ಭೂಪಟದ ತುಂಡುಗಳಂತೆ ಅಂಕುಡೊಂಕಾಗಿರುತ್ತವೆ, ಮೈ ಎಣ್ಣೆ ಸವರಿದಂತೆ ನುಣುಪು. ಮಣ್ಣುಮುಕ್ಕದ ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡು ಬೆನ್ನುದ್ದಕ್ಕೂ ಹಾವಿನ ಹರಿದಾಟದಂತೆಯೇ ಬಳುಕುತ್ತವೆ. ಕತ್ತೆಂಬುದು ಕಾಣಿಸುವುದೇ ಇಲ್ಲ, ಬಾಲ ತೀರಾ ಗಿಡ್ಡ. ಅಳತೆಯೂ ನೆರವಾಗುತ್ತದೆ. ಕೊಳಕುಮಂಡಲ ಮೊಟ್ಟೆಯಿಡುವುದಿಲ್ಲ, ಒಂದೇ ಸಲಕ್ಕೆ 20ರಿಂದ 40 ಮರಿ ಹಾಕುತ್ತದೆ, ಅದೂ ಬೇಸಿಗೆಯ ಕೊನೆ, ಮಳೆಯ ಆರಂಭದ ಹೊತ್ತಿಗೆ. ಮರಿ ಹುಟ್ಟುವಾಗ ಸುಮಾರು ಒಂದು ಗೇಣು. ಹೆಬ್ಬಾವಿನ ಮರಿ ಮೊಟ್ಟೆಯೊಡೆದು ಬರುವಾಗಲೇ ಒಂದೂವರೆ ಅಡಿ ದಾಟಿರುತ್ತದೆ. ಹಾಗಾಗಿ ಜೂನ್ ತಿಂಗಳಲ್ಲಿ ಹೂಕುಂಡದ ಹಿಂದೆ ಗೇಣುದ್ದದ ಮಚ್ಚೆಹಾವು ಕಂಡರೆ ‘ಪಾಪ, ಹೆಬ್ಬಾವಿನ ಮರಿ’ ಎನ್ನಲು ಕಾರಣವೇ ಇಲ್ಲ. ಗೇಣುದ್ದದ ಕೊಳಕುಮಂಡಲಕ್ಕೂ ಹುಟ್ಟಿದ ದಿನದಿಂದಲೇ ವಿಷವಿದೆ. ದೊಡ್ಡದಾದರೆ ಅದೇ ತನ್ನ ಹೆಸರು ಹೇಳುತ್ತದೆ: ಕೆಣಕಿದರೆ ಪ್ರೆಷರ್ ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಬುಸುಗುಡುವಂಥ ಸದ್ದು.

ಇನ್ನೊಂದು ಜೋಡಿ ರಾತ್ರಿಯದು. ವಿಷದ ಕಟ್ಟುಹಾವು ಮತ್ತು ವಿಷವಿಲ್ಲದ ತೋಳಹಾವು ಎರಡಕ್ಕೂ ಕಪ್ಪು ಅಥವಾ ಕಂದು ಮೈ ಮೇಲೆ ಬಿಳಿ ಪಟ್ಟೆ. ಪಟ್ಟೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮಾಸುತ್ತದೆ ಎಂಬುದನ್ನು ನೋಡಿ. ತೋಳಹಾವಿನ ಪಟ್ಟೆ ಕತ್ತಿನಿಂದಲೇ ಎದ್ದು ಕಾಣುತ್ತದೆ, ಬಾಲದ ಕಡೆಗೆ ಹೋಗುತ್ತ ಅಳಿಸಿಹೋಗುತ್ತದೆ. ಕಟ್ಟುಹಾವಿನಲ್ಲಿ ತಿರುಗುಮುರುಗು: ಕತ್ತಿನ ಬಳಿ ಪಟ್ಟೆ ಇರುವುದಿಲ್ಲ ಅಥವಾ ಮಸುಕು, ಬಾಲದ ಕಡೆ ಸ್ಪಷ್ಟ, ಬಹುಪಾಲು ಜೋಡಿ ಜೋಡಿಯಾಗಿ. ಜೂಮ್ ಮಾಡಿದ ಚಿತ್ರವಿದ್ದರೆ ಬೆನ್ನುಮೂಳೆಯ ಸಾಲು ನೋಡಿ. ಕಟ್ಟುಹಾವಿನ ಆ ಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡವು, ಷಟ್ಕೋನದವು. ತೋಳಹಾವು ಹಲ್ಲಿ ಹುಡುಕಿಕೊಂಡು ಗೋಡೆ ಹತ್ತುವ ಜಾತಿ, ಕಿಟಕಿ ಸಂದಿಯಲ್ಲಿ ಸಿಕ್ಕುವುದು ಹೆಚ್ಚಾಗಿ ಇದೇ. ಆದರೆ ಗೋಡೆ ಮೇಲಿದ್ದ ಮಾತ್ರಕ್ಕೆ ತೋಳಹಾವೇ ಎಂದು ಕೈ ಹಾಕಬೇಡಿ. ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ನೆಲದ ಮೇಲೆ ಮಲಗಿದವರಿಗೆ ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು ಶುರುವಾದಾಗಲೇ ಅನುಮಾನ ಬರುವುದು.

ಕೇರೆಯನ್ನು ನಾಗರವೆಂದು ಹೊಡೆಯುವುದು ಇನ್ನೂ ನಿಂತಿಲ್ಲ. ಹೆಡೆ ಬಿಚ್ಚದ ನಾಗರವನ್ನು ಗುರುತಿಸುವುದು ಕಷ್ಟ ಎಂಬುದು ನಿಜ, ಕನ್ನಡಕದ ಗುರುತು ಹೆಡೆ ಅರಳಿದಾಗಲೇ ಸರಿಯಾಗಿ ಕಾಣುವುದು. ಅಂಥಾಗ ಮುಖ ನೋಡಬೇಕು. ಕೇರೆಗೆ ದೊಡ್ಡ ದುಂಡು ಕಣ್ಣು, ತುಟಿಯ ಉದ್ದಕ್ಕೂ ಪೆನ್ನಿನಲ್ಲಿ ಗೀಚಿದಂತೆ ಕಪ್ಪು ನಿಲುವು ಗೆರೆಗಳು. ನೀರುಹಾವು ಮಾತ್ರ ಎಲ್ಲರನ್ನೂ ಏಮಾರಿಸುತ್ತದೆ: ಹೆದರಿದಾಗ ಕತ್ತು ಚಪ್ಪಟೆ ಮಾಡಿ ನಾಗರನಂತೆ ಎದ್ದು ನಿಲ್ಲುತ್ತದೆ. ಕಣ್ಣಿನ ಕೆಳಗೊಂದು, ಹಿಂದೊಂದು ಓರೆಯಾಗಿ ಇಳಿಯುವ ಕಪ್ಪು ಗೆರೆಗಳೇ ಅದರ ಗುರುತು. (ಎರಡು ಕೇರೆಗಳು ಹೆಣೆದುಕೊಂಡು ಮೇಲೇಳುವುದನ್ನು ಕೇರೆ-ನಾಗರದ ಮಿಲನವೆಂದು ವಿಡಿಯೋ ಹಾಕುವವರಿಗೊಂದು ಮಾತು: ಅವೆರಡೂ ಗಂಡು ಕೇರೆಗಳು, ಅದು ಕುಸ್ತಿ.)

ಹಾವು ಕಚ್ಚಿದ ಮೇಲೆ ಈ ಗುರುತು ಹಿಡಿಯುವ ಕೆಲಸ ಬೇಡ. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ. ಹಾವನ್ನು ಹೊಡೆದು ಚೀಲದಲ್ಲಿ ಆಸ್ಪತ್ರೆಗೆ ಒಯ್ಯುವುದರಿಂದ ಸಿಗುವುದು ಎರಡನೇ ಕಡಿತ ಮಾತ್ರ. 108ಕ್ಕೆ ಕರೆ ಮಾಡಿ ಹೊರಡಿ. 2024ರಿಂದ ರಾಜ್ಯದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಿದೆ.

ಇನ್ನು ಚಿರತೆ ಮರಿಯ ವಿಚಾರ. ಹಿತ್ತಲಲ್ಲಿ ಒಂಟಿಯಾಗಿ ಕಂಡ ‘ಚಿರತೆ ಮರಿ’ ಬಹಳ ಸಲ ಪುನುಗು ಬೆಕ್ಕಾಗಿರುತ್ತದೆ. ತೀರಾ ಎಳೆಯ ಚಿರತೆ ಮರಿಯ ಮೈ ಮೇಲೆ ಉಂಗುರ ಮಚ್ಚೆ ಸ್ಪಷ್ಟವಿರುವುದಿಲ್ಲ, ಆದ್ದರಿಂದ ಮೊದಲು ಮೂತಿ ನೋಡಿ. ಮೊಂಡು ದುಂಡು ಮುಖವಾದರೆ ಬೆಕ್ಕಿನ ಕುಲ, ನರಿಯಂತೆ ಚೂಪಾದರೆ ಪುನುಗು. ಪುನುಗಿನ ಬಾಲದಲ್ಲಿ ಬಳೆ ತೊಡಿಸಿದಂತೆ ಕಪ್ಪು-ಬಿಳಿ ಉಂಗುರಗಳಿರುತ್ತವೆ. ಬಾಲದಲ್ಲಿ ಉಂಗುರವಿಲ್ಲದೆ, ಮೈಯೆಲ್ಲ ಮಸಿ ಬಣ್ಣ, ಬಾಲ ಮೈಯಷ್ಟೇ ಉದ್ದ, ಹಂಚಿನ ಮೇಲೆ ಓಡಾಟ ಎಂದಾದರೆ ಅದು ಮರಬೆಕ್ಕು. ಕಬ್ಬಿನ ಗದ್ದೆಯಲ್ಲಿ ನಿಜಕ್ಕೂ ಚಿರತೆ ಮರಿಗಳೇ ಸಿಕ್ಕಿದರೂ ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುವಂತಿಲ್ಲ. ತಾಯಿ ಹತ್ತಿರದಲ್ಲೇ ಇರುತ್ತದೆ, ಕತ್ತಲಾದ ಮೇಲೆ ಬರುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ ದೂರ ಸರಿಯುವುದೇ ಕೆಲಸ.

ಪ್ರಾಣಿ ಕಾಣದೆ ಹೆಜ್ಜೆ ಮಾತ್ರ ಕಂಡಾಗ ಗೊಂದಲ ಇನ್ನೂ ಹೆಚ್ಚು. ‘ಚಿರತೆ ಹೆಜ್ಜೆ’ ಎಂದು ಬರುವ ಚಿತ್ರಗಳಲ್ಲಿ ನಾಯಿಯದೇ ಹೆಚ್ಚು. ನಾಯಿಯ ಹೆಜ್ಜೆಯಲ್ಲಿ ಉಗುರು ಮೂಡುತ್ತದೆ. ಬೆಕ್ಕಿನ ಕುಲದವು ನಡೆಯುವಾಗ ಉಗುರು ಒಳಗೆಳೆದುಕೊಂಡಿರುತ್ತವೆ, ಅಂಗಾಲಿನ ಹಿಂದಂಚಿನಲ್ಲಿ ಮೂರು ಉಬ್ಬು ಕಾಣುತ್ತದೆ. ಐದು ಬೆರಳು, ಉಗುರು ಎರಡೂ ಇದ್ದರೆ ಮುಂಗುಸಿಯೋ ಮರಬೆಕ್ಕೋ. ಹತ್ತು ರೂಪಾಯಿ ನಾಣ್ಯವನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆಯಿರಿ, ಅದರ ಅಗಲ 27 ಮಿಲಿಮೀಟರ್. ಮನೆ ಬೆಕ್ಕಿನ ಹೆಜ್ಜೆ ಹೆಚ್ಚುಕಡಿಮೆ ಆ ನಾಣ್ಯದಷ್ಟು, ಬೆಳೆದ ಚಿರತೆಯದು 7 ಸೆಂಟಿಮೀಟರ್ ಆಸುಪಾಸು. ಕ್ಯಾಮೆರಾ ನೇರ ಮೇಲಿನಿಂದಿರಲಿ, ಬೆಳಕು ಬೆಳಗಿನ ಓರೆಬಿಸಿಲು. ನಡುಮಧ್ಯಾಹ್ನ ತೆಗೆದರೆ ನೆರಳಿಲ್ಲದೆ ಹೆಜ್ಜೆ ಚಪ್ಪಟೆಯಾಗುತ್ತದೆ.

ರಾತ್ರಿ ಯಾರು ಬಂದರೆಂದು ನೋಡಲು ಎರಡಡಿ ಚೌಕದಷ್ಟು ನೆಲ ಗುಡಿಸಿ, ಜರಡಿ ಹಿಡಿದ ಮಣ್ಣನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಮುಷ್ಟಿ ಕಟ್ಟಿದರೆ ನಿಲ್ಲುವಷ್ಟು ತೇವ ಮಾಡಿ, ಹಲಗೆಯಿಂದ ಸವರಬೇಕು. ದಪ್ಪ ಹಾಕಿದರೆ, ಅಥವಾ ಮಣ್ಣು ಒಣಗಿದ್ದರೆ, ಅಂಚು ಕುಸಿದು ಬೆಕ್ಕು ಹುಲಿಯಾಗುತ್ತದೆ. ಮುಂಗಾಲಿಟ್ಟ ಜಾಗಕ್ಕೇ ಹಿಂಗಾಲು ಬಿದ್ದು ಎರಡು ಹೆಜ್ಜೆ ಸೇರಿ ಒಂದು ದೊಡ್ಡ ಹೆಜ್ಜೆಯಂತೆ ಕಾಣುವುದೂ ಮಾಮೂಲು. ಬೆರಳೆಣಿಸಿ, ಆರೇಳು ಬಂದರೆ ಅದು ಒಂದು ಹೆಜ್ಜೆಯಲ್ಲ.

ಹಿಕ್ಕೆಯಲ್ಲಿಯೂ ಸುಳಿವಿದೆ. ಕಪಾಟಿನ ಮೇಲಿನ ಕಪ್ಪು ಕಾಳಿನ ತುದಿಯಲ್ಲಿ ಬಿಳಿ ಚುಕ್ಕೆಯಿದ್ದರೆ ಹಲ್ಲಿಯದು, ಇಲ್ಲದಿದ್ದರೆ ಇಲಿಯದು. ಇಲಿಪಾಷಾಣ ತರುವ ಮೊದಲು ಇಷ್ಟು ನೋಡಿದರೆ ದುಡ್ಡು ಉಳಿದೀತು. ಕಾಂಪೌಂಡ್ ಗೋಡೆಯ ಮೇಲೆ ಇಡೀ ಕಾಫಿ ಬೀಜ, ಬಗನಿ ಬೀಜ ತುಂಬಿದ ಹಿಕ್ಕೆ ಮರಬೆಕ್ಕಿನದು. ಬೆಳಿಗ್ಗೆ ಅಂಗಳದಲ್ಲಿ ಅಗಿದುಗಿದ ನಾರಿನ ಉಂಡೆ, ಹಲ್ಲಿನ ಗುರುತಿರುವ ಬಾದಾಮಿ ಕಾಯಿ ಬಿದ್ದಿದ್ದರೆ ಯಾರೂ ಮಾಟ ಮಾಡಿಲ್ಲ, ಬಾವಲಿ ಊಟ ಮಾಡಿ ಹೋಗಿದೆ. ಕೂದಲು, ಇಲಿಮೂಳೆ ಸೇರಿದ ಬೂದು ಉಂಡೆ ಮರದಡಿ ಸಿಕ್ಕರೆ ಮೇಲೆ ಗೂಬೆ ಕೂರುತ್ತದೆ. ಅದು ಹಿಕ್ಕೆಯಲ್ಲ, ಅರಗದ್ದನ್ನು ಬಾಯಿಂದ ಹೊರಹಾಕಿದ್ದು.

ಹಕ್ಕಿಗಳಲ್ಲಿ ಅಪಾಯವಿಲ್ಲವಾದ್ದರಿಂದ ಎರಡೇ ಮಾತು. ದಾಸವಾಳಕ್ಕೆ ಬರುವುದು ಹಮ್ಮಿಂಗ್‌ಬರ್ಡ್ ಅಲ್ಲ, ಸೂರಕ್ಕಿ. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಮೈಯೆಲ್ಲ ಚುಕ್ಕೆಯ, ಕೆಂಗಣ್ಣಿನ ಹಕ್ಕಿ ಗಿಡುಗವಲ್ಲ, ಹೆಣ್ಣು ಕೋಗಿಲೆ. ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಒಳ್ಳೆಯದೇ, ಆದರೆ ಮಲೆನಾಡಿನಲ್ಲಿ ಭೀಮರಾಜ ಹಕ್ಕಿ ಬೇರೆ ಹಕ್ಕಿಗಳ ದನಿ ಅನುಕರಿಸಿ ಅದನ್ನೂ ಯಾಮಾರಿಸುತ್ತದೆ. ಕಣ್ಣಿಗೆ ಕಂಡ ಮೇಲೆಯೇ ಬರೆದುಕೊಳ್ಳಿ.

ಪತ್ರಿಕೆಗೆ ಎರಡು ಕೋರಿಕೆಗಳಿವೆ. ಓದುಗರು ಕಳಿಸಿದ ಚಿತ್ರದಲ್ಲಿರುವುದು ಯಾವುದೆಂದು ತಿಳಿದವರು ಹೇಳುವವರೆಗೆ ಅಡಿಬರಹದಲ್ಲಿ ‘ಹಾವು’, ‘ಕಾಡುಪ್ರಾಣಿ’ ಎಂದಷ್ಟೇ ಹಾಕಿ. ಎರಡು ತಲೆ ಹಾವು, ಕಾಡುಪಾಪಗಳಂಥ ಕಳ್ಳಸಾಗಣೆಯ ಜೀವಿಗಳ ಸುದ್ದಿಯಲ್ಲಿ ತಾಲ್ಲೂಕಿನ ಹೆಸರು ಸಾಕು. ಯಾವ ಬೀದಿ, ಯಾರ ತೋಟ ಎಂದು ಬರೆದರೆ ಮರುದಿನ ಅಲ್ಲಿಗೆ ಮೊದಲು ಬರುವವರು ಓದುಗರಾಗಿರುವುದಿಲ್ಲ.

– ಒಬ್ಬ ಓದುಗ, ಸಾಗರ