ಪುಟ್ಟಿಯನ್ನು ಮನೆಗೆ ಕಳಿಸಿಕೊಟ್ಟವರಿಗೆ

ನಮ್ಮ ಮಗಳು ಪುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದು ಈ ಮಳೆಗಾಲಕ್ಕೆ ವರ್ಷ ತುಂಬಿತು. ಗಂಟಲಲ್ಲಿ ಉಸಿರಾಡೋಕೆ ತೂತು ಮಾಡಿ ಹಾಕಿದ ಟ್ರಕಿಯಾಸ್ಟಮಿ ಟ್ಯೂಬು, ಹೊಟ್ಟೆಗೆ ಊಟದ ಟ್ಯೂಬು, ರಾತ್ರಿ ಆಕ್ಸಿಜನ್. ಇಷ್ಟೆಲ್ಲ ಇದ್ದೂ ಅವಳು ಸಕಲೇಶಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಜ್ಜಿ ಪಕ್ಕ ಮಲಗುತ್ತಾಳೆ ಅಂದ್ರೆ, ಅದು ಮಂಗಳೂರಿನ ಆ ಮಕ್ಕಳ ವಾರ್ಡಿನವರ ಪುಣ್ಯ.

ಐಸಿಯುನಿಂದ ವಾರ್ಡಿಗೆ ಬಂದ ದಿನವೇ ಡಾಕ್ಟರು ಮನೆಯ ಮಾತು ತೆಗೆದರು. ಯಾರ್ಯಾರಿದ್ದೀರಿ, ಕರೆಂಟ್ ಎಷ್ಟು ಹೊತ್ತು ಹೋಗುತ್ತೆ, ಬಾಗಿಲ ತನಕ ಆಂಬುಲೆನ್ಸ್ ಬರುತ್ತಾ, ಸೌದೆ ಒಲೆಯಾ ಗ್ಯಾಸಾ? ಆಕ್ಸಿಜನ್ ಇರುವ ಕೋಣೆಯಲ್ಲಿ ದೇವರ ದೀಪವೂ ಬೇಡ ಅಂದರು.

ಸಿಸ್ಟರ್‌ಗಳು ಸಕ್ಷನ್, ಅಂದ್ರೆ ಟ್ಯೂಬಿನಿಂದ ಕಫ ಎಳೆದು ತೆಗೆಯೋದು, ಕಲಿಸಿದ್ದು ಮೊದಲು ಗೊಂಬೆ ಮೇಲೆ, ಆಮೇಲೆ ಪುಟ್ಟಿಗೆ. ಕಫ ಎಳೆಯುವ ಸಣ್ಣ ನಳಿಗೆ (ಕ್ಯಾಥೆಟರ್) ಗಂಟಲ ಟ್ಯೂಬಿನ ಉದ್ದಕ್ಕಿಂತ ಒಳಗೆ ಹೋಗಬಾರದು, 10 ಸೆಕೆಂಡಿಗಿಂತ ಜಾಸ್ತಿ ಎಳೆಯಬಾರದು. ನನ್ನ ಕೈ ನಡುಗಿದಾಗ ಒಬ್ಬರು "ಅಮ್ಮಾ, ಮಗು ಮುಖ ನೋಡ್ಕೊಂಡು ಮಾಡಿ" ಅಂದರು, ಅಷ್ಟೇ. ನನಗೊಬ್ಬಳಿಗೆ ಕಲಿಸಿ ಬಿಡಲಿಲ್ಲ. ನಮ್ಮನೆಯವರಿಗೂ ಅತ್ತೆಗೂ ಬರಬೇಕು ಅಂತ ಹಟ ಹಿಡಿದರು. ಅತ್ತೆಗೆ ಓದಲು ಬರಲ್ಲ ಅಂತ ಗೊತ್ತಾದ ಮೇಲೆ ಸಿಸ್ಟರ್ ಒಂದೊಂದು ಹೆಜ್ಜೆಯನ್ನೂ ಚಿತ್ರ ಬರೆದುಕೊಟ್ಟರು, ಟ್ಯೂಬನ್ನು ಹಿಡಿದಿಡುವ ಕತ್ತಿನ ಪಟ್ಟಿಯ ಕೆಳಗೆ ಒಂದು ಬೆರಳು ಹಿಡಿಯಬೇಕು ಅನ್ನೋದನ್ನ ಅತ್ತೆಯ ಬೆರಳನ್ನೇ ತೂರಿಸಿ ತೋರಿಸಿದರು.

ಡಿಸ್ಚಾರ್ಜಿಗೆ ಮುಂಚೆ ರಾತ್ರಿಯಿಡೀ ನಾವೇ ನೋಡ್ಕೋಬೇಕಿತ್ತು. ಸಿಸ್ಟರ್ ಬಾಗಿಲ ಹೊರಗೇ ಕುರ್ಚಿ ಹಾಕಿ ಕೂತಿದ್ದರು, ಒಳಗೆ ಬರಲಿಲ್ಲ. ನಡುರಾತ್ರಿ ಕಫ ಕಟ್ಟಿ ಪುಟ್ಟಿ ಒದ್ದಾಡಿದಾಗ ಎದ್ದು ತೆಗೆದವರು ಅತ್ತೆ! ಬೆಳಿಗ್ಗೆ ಆ ಸಿಸ್ಟರ್ ಅತ್ತೆಯ ಕೈ ಹಿಡಿದುಕೊಂಡು ಅತ್ತುಬಿಟ್ಟರು.

ಕೊಟ್ಟ ಚೀಲದಲ್ಲಿ ಪುಟ್ಟಿಯ ಗಂಟಲಲ್ಲಿರುವ ಅಳತೆಯದೇ ಟ್ಯೂಬ್ ಒಂದು, ಒಂದು ಸೈಜ್ ಚಿಕ್ಕದು ಇನ್ನೊಂದು, ಕೈಯಲ್ಲಿ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್, ಕತ್ತರಿ. ಕರೆಂಟ್ ಹೋದರೆ ಕಾಲಲ್ಲಿ ತುಳಿಯುವ ಸಕ್ಷನ್ ಬೇರೆ. ಶಿರಾಡಿ ಘಾಟಿ ಕುಸಿದು ರಸ್ತೆ ಬಂದ್ ಆದರೆ ಮಂಗಳೂರಿಗೆ ಬರಬೇಡಿ, 108 ಕರೆದು ಹಾಸನಕ್ಕೆ ಹೋಗಿ ಅಂತ ಡಿಸ್ಚಾರ್ಜ್ ಚೀಟಿಯಲ್ಲೇ ಬರೆದಿದ್ದರು. ಮಲೆನಾಡಿನ ಮಳೆ ಗೊತ್ತಿದ್ದವರಿಗೆ ಈ ಒಂದು ಸಾಲಿನ ಬೆಲೆ ಗೊತ್ತು, ಅಲ್ವಾ?

ನಮ್ಮೂರ ಆರೋಗ್ಯ ಕೇಂದ್ರದ ಡಾಕ್ಟರಿಗೆ, ವಾರ ತಪ್ಪದೆ ಬರುವ ಆಶಾ ಅಕ್ಕನಿಗೆ, ಲೈನ್ ಆಫ್ ಮಾಡುವ ಮೊದಲು ಫೋನ್ ಮಾಡುವ ಲೈನ್‌ಮನ್ ಅಣ್ಣನಿಗೆ ಕೈ ಮುಗಿದೆ.

ವಾರ್ಡಿನವರೇ, ಮುಂದಿನ ತಿಂಗಳು ಚೆಕಪ್‌ಗೆ ಬರ್ತೀವಿ. ಅತ್ತೆ ನಿಮಗೆಲ್ಲ ಕೋಡುಬಳೆ ಮಾಡ್ಕೊಂಡು ಬರ್ತಾರಂತೆ.